ಅಪ್ಪನ ಎಡೆಗೊಂದು ಸಿಗರೇಟು

ಮೊನ್ನೆ ಪಿತೃಪಕ್ಷದ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ನಮ್ಮಪ್ಪನಿಗೆ ಸಿಗರೇಟು ಹಚ್ಚಿಕೊಡುವ ಕೆಲಸ ನನ್ನ ತಲೆಗೆ ಬಂತು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನಾನು ಸಿಗರೇಟು ಬಿಟ್ಟು ಇನ್ನೂ ವರ್ಷ ತುಂಬಿಲ್ಲ. ತಕರಾರು ಶುರುವಾದದ್ದೇ ಅಲ್ಲಿಂದ.

(ತಮಾಷೆ ಮಾಡುತ್ತಿಲ್ಲ. ನಮ್ಮ ಕಡೆಯವರಿಗೆ ಈಗಾಗಲೇ ಅರ್ಥವಾಗಿರುತ್ತದೆ. ಮಿಕ್ಕವರು ಸ್ವಲ್ಪ ತಾಳ್ಮೆಯಿಂದ ಓದಿ.)

ಮೊದಲು ಬಿಟ್ಟ ಕತೆ ಹೇಳಿಬಿಡುತ್ತೇನೆ. ನಾನು ಹಾಸನದಲ್ಲಿ ಲಾಯರ್ ಅನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಕೋರ್ಟಿನ ಎದುರಿನ ಟೀ ಅಂಗಡಿ ನನ್ನ ಇನ್ನೊಂದು ಆಫೀಸಾಗಿತ್ತು. ಚೇಂಬರಿನಲ್ಲಿ ನಾನು ಕಾಣದಿದ್ದರೆ ಕಕ್ಷಿದಾರರು ಸೀದಾ ಅಲ್ಲಿಗೇ ಬರುತ್ತಿದ್ದರು. ಬೆಂಚಿನ ಮೂಲೆಯಲ್ಲಿ ಹೊಗೆ ಏಳುತ್ತಿದ್ದರೆ ಲಾಯರ್ ಸಾಹೇಬರು ಸಿಕ್ಕಿದರು ಅಂತಲೇ ಲೆಕ್ಕ.

ಬಿಡಿಸಿದ್ದು ಡಾಕ್ಟರಲ್ಲ. ಹೆಂಡತಿ ಸುಧಾ ಕೂಡ ಅಲ್ಲ. ಅವಳು ಹೇಳಿ ಹೇಳಿ ಸಾಕಾಗಿ, ನನ್ನ ಕರಿಕೋಟನ್ನು ಬಾಲ್ಕನಿಯಲ್ಲೇ ನೇತುಹಾಕುವ ಕಾನೂನು ಮಾಡಿ ಸುಮ್ಮನಾಗಿದ್ದಳು. ಒಂದು ದಿನ ಕೋರ್ಟಿನ ಮೆಟ್ಟಿಲು ಹತ್ತುವಾಗ ಕೆಮ್ಮು ಬಂತು. ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ಎದೆಯೊಳಗಿನಿಂದ ಒಂದು ಉದ್ದನೆಯದು, ಕೊನೆಗೆ ಗಂಟಲು ಕ್ಯಾಕರಿಸುವುದು. ಅದು ನನ್ನ ಕೆಮ್ಮಲ್ಲ, ನಮ್ಮಪ್ಪನ ಕೆಮ್ಮು. ಚಿಕ್ಕಂದಿನಲ್ಲಿ ಬೆಳಗಾಯಿತು ಅಂತ ನಮಗೆ ಗೊತ್ತಾಗುತ್ತಿದ್ದುದೇ ಜಗಲಿಯಿಂದ ಬರುತ್ತಿದ್ದ ಆ ಕೆಮ್ಮಿನಿಂದ.

ನಿಜ ಹೇಳುತ್ತೇನೆ, ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೆದರಿಕೆಯಾಯಿತು. ಆ ಕೆಮ್ಮು ಮನುಷ್ಯನನ್ನು ಕೊನೆಗೆ ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅನ್ನುವುದನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿದವನು.

ಬಿಡುವುದಕ್ಕೆ ಆರಿಸಿಕೊಂಡ ದಿನ ಹೊಸತೊಡಕು. ಯುಗಾದಿಯ ಮಾರನೇ ದಿನ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅಂತ ನಮ್ಮಲ್ಲಿ ನಂಬಿಕೆ. ಅದಕ್ಕೇ ಅವತ್ತು ಮನೆಮನೆಯಲ್ಲೂ ಬಾಡೂಟ. ಮಟನ್ ಸಾರು ಉಂಡು ಕೈ ತೊಳೆದೆ. ಕಾಲುಗಳು ತಮ್ಮಷ್ಟಕ್ಕೆ ತಾವೇ ಬಾಲ್ಕನಿಯ ಕಡೆ ಹೊರಟವು. ವಾಪಸ್ ಕರೆದುಕೊಂಡು ಬಂದು ಸೋಫಾ ಮೇಲೆ ಕೂರಿಸಿದೆ. ಹೊಸತೊಡಕಿನ ದಿನ ಸೇದದಿದ್ದರೆ ವರ್ಷವೆಲ್ಲ ಸೇದುವುದಿಲ್ಲ ತಾನೆ? ನೋಡೇ ಬಿಡೋಣ ಅಂದುಕೊಂಡೆ.

ಬಿಡುವುದು ಸುಲಭ. ಬಿಟ್ಟ ಮೇಲೆ ಬರುವ ತೆವಲು ಇದೆಯಲ್ಲ, ಅದು ಮಹಾ ಕಿಲಾಡಿ. ಅದಕ್ಕೆ ಹೊತ್ತು ಗೊತ್ತು ಇಲ್ಲ. ಕಾಫಿ ಕುಡಿದರೆ ಬರುತ್ತದೆ. ಊಟ ಆದರೆ ಬರುತ್ತದೆ. ಕೇಸು ಗೆದ್ದರೆ ಖುಷಿಗೆ ಬರುತ್ತದೆ, ಸೋತರೆ ಬೇಜಾರಿಗೆ ಬರುತ್ತದೆ. ಫೋನ್ ರಿಂಗಾದರೆ ಕೈ ಜೇಬಿಗೆ ಹೋಗುತ್ತದೆ. ಬೆಳಿಗ್ಗೆ ಟಾಯ್ಲೆಟ್ಟಿನಲ್ಲಂತೂ (ಇದನ್ನು ಪತ್ರಿಕೆಯಲ್ಲಿ ಬರೆಯಬಾರದು, ಆದರೆ ಸೇದುವವರಿಗೆ ಗೊತ್ತಿರುತ್ತದೆ) ಅದು ನನಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಇನ್ನು ಸಲಹೆ ಕೊಡುವವರು. ಅಯ್ಯೋ, ಇವರಿಗಿಂತ ತೆವಲೇ ವಾಸಿ. ಲವಂಗ ಅಗಿಯಿರಿ ಅಂದರು ಒಬ್ಬರು. ಅಗಿದೆ, ನಾಲಿಗೆ ಸುಟ್ಟಿತು. ಕ್ಯಾರೆಟ್ ಕಡಿಯಿರಿ ಅಂದರು ಇನ್ನೊಬ್ಬರು. ಕರಿಕೋಟಿನ ಜೇಬಿನಿಂದ ಕ್ಯಾರೆಟ್ ತೆಗೆದು ಕಡಿಯುವ ಲಾಯರಿಗೆ ಯಾರು ಕೇಸು ಕೊಡುತ್ತಾರೆ ಸ್ವಾಮಿ? ಹೊಳೆನರಸೀಪುರದಲ್ಲಿರುವ ನನ್ನ ಭಾವಮೈದ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಪ್ಪಗಾದ ಶ್ವಾಸಕೋಶದ ಫೋಟೋ ಕಳಿಸುತ್ತಿದ್ದ. ಕೆಳಗೆ ಕೈಮುಗಿದ ಚಿಹ್ನೆ, ಗುಡ್ ಮಾರ್ನಿಂಗ್. ಅದನ್ನು ನೋಡಿದ ಟೆನ್ಷನ್ನಿಗೇ ಒಂದು ಸೇದಬೇಕು ಅನ್ನಿಸುತ್ತಿತ್ತು. ಕೊನೆಗೆ ಅವನನ್ನು ಬ್ಲಾಕ್ ಮಾಡಿದೆ. ಸುಧಾ ಅದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಹಾಗಾದರೆ ನಾನೇನು ಮಾಡಿದೆ? ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ವಾಯಿದೆ ಹಾಕಿದೆ.

ಕೋರ್ಟಿಗೆ ಹೋಗಿ ಬಂದವರಿಗೆ ಈ ಪದ ಚೆನ್ನಾಗಿ ಗೊತ್ತು. ಕೇಸು ಕರೆಯುತ್ತಾರೆ, ಲಾಯರ್ ಎದ್ದು ಏನೋ ಒಂದು ಗೊಣಗುತ್ತಾನೆ, ಮುಂದಿನ ತಾರೀಕು ಬೀಳುತ್ತದೆ. ಕಕ್ಷಿದಾರ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗುತ್ತಾನೆ. ಈ ವಿದ್ಯೆಗೆ ಜನ ನಮ್ಮನ್ನು ಶಪಿಸುತ್ತಾರೆ. ಅದೇ ವಿದ್ಯೆಯನ್ನು ನಾನು ತೆವಲಿನ ಮೇಲೆ ಬಿಟ್ಟೆ. ಅದು ಬಂದು "ಒಂದೇ ಒಂದು" ಅನ್ನುತ್ತದೆ. ನಾನು ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಅದು ವಾದಕ್ಕೆ ನಿಲ್ಲುತ್ತದೆ, ವಾದದಲ್ಲಿ ಅದು ನನಗಿಂತ ಸೀನಿಯರ್. "ಆಯ್ತು ಮಾರಾಯ, ಊಟ ಆದ ಮೇಲೆ ಬಾ" ಅನ್ನುತ್ತೇನೆ. ಊಟ ಆದ ಮೇಲೆ ಬಂದರೆ "ಸಾಯಂಕಾಲ ಬಾ". ಸಾಯಂಕಾಲ ಬಂದರೆ "ಇವತ್ತು ಕೋರ್ಟ್ ಟೈಮ್ ಮುಗೀತು". ಪಾಪ, ಓಡಾಡಿ ಓಡಾಡಿ ಅದಕ್ಕೂ ಚಪ್ಪಲಿ ಸವೆಯುತ್ತದೆ.

ಚನ್ನರಾಯಪಟ್ಟಣದಲ್ಲಿ ಮಾತ್ರ ಈ ವಿದ್ಯೆ ಒಂದು ಸಲ ಕೈಕೊಡುವುದರಲ್ಲಿತ್ತು. ಅಲ್ಲಿ ನನಗೊಂದು ಪಾಲಿನ ಕೇಸು ಇದೆ. ಬಾಗೂರಿನ ಚಿಕ್ಕೇಗೌಡರು ನನ್ನ ಕಕ್ಷಿದಾರರು. ತೆಂಗಿನಕಾಯಿ ಮಾರಿ ಸೀದಾ ಕೋರ್ಟಿಗೆ ಬಂದಿದ್ದರು. ನನ್ನನ್ನು ಕಂಡವರೇ ಜೇಬಿನಿಂದ ಹೊಸ ಸಿಗರೇಟು ಪ್ಯಾಕು ತೆಗೆದು ಮುಂದೆ ಹಿಡಿದರು. ಬಿಟ್ಟಿದ್ದೀನಿ ಗೌಡ್ರೇ ಅಂದೆ. ಅವರ ಮುಖ ಸಪ್ಪಗಾಯಿತು.

"ಇದೇನ್ ಸಾ, ಇವತ್ತೇ ಆರ್ಗ್ಯುಮೆಂಟ್ ಮಡಿಕಂಡು ಇಂಗಂದ್ರೆ ಎಂಗೆ?" ಅಂದರು.

"ಆರ್ಗ್ಯುಮೆಂಟ್ ಮಾಡೋದು ನಾನು, ಸಿಗರೇಟಲ್ಲ."

"ಅಂಗಲ್ಲ ಸಾ. ನೀವು ಒಂದ್ ದಮ್ ಎಳ್ಕಂಡು ವಳಿಕ್ಕೋದ್ರೆ ಆ ಕಡೆ ಲಾಯ್ರು ಬೆವತೋಗ್ತಾರೆ. ನಾನ್ ನೋಡಿವ್ನಿ. ನಮ್ ಕೇಸ್ ಮುಗಿಯಗಂಟ ಸೇದಿ, ಆಮ್ಯಾಕೆ ಬುಡಿ."

ಪಾಲಿನ ಕೇಸು ಮುಗಿಯುವವರೆಗೆ! ಅಷ್ಟರಲ್ಲಿ ನಾನೇ ಮುಗಿದಿರುತ್ತೇನೆ. ಆದರೂ ಪ್ಯಾಕಿನ ಬೆಳ್ಳಿ ಕಾಗದ ಹರಿದ ಸದ್ದಿಗೆ ಬಾಯಲ್ಲಿ ನೀರೂರಿತು. ಮುಂದಿನ ತಾರೀಕಿಗೆ ನೋಡೋಣ ಗೌಡ್ರೇ ಅಂತ ಹೇಳಿ ಒಳಗೆ ನಡೆದೆ. ಅವತ್ತು ವಾದ ಚೆನ್ನಾಗಿಯೇ ಆಯಿತು. ಚಿಕ್ಕೇಗೌಡರು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಹೀಗೆ ವಾಯಿದೆ ಮೇಲೆ ವಾಯಿದೆ ಹಾಕಿಕೊಂಡು ಪಿತೃಪಕ್ಷದವರೆಗೆ ಬಂದೆ. ಈಗ ಊರಿನ ಕತೆ.

ನಮ್ಮೂರು ಅರಕಲಗೂಡಿನಿಂದ ಆಚೆಗೆ. ಆ ಕಡೆ ಹೋದವರಿಗೆ ಗೊತ್ತು, ಅದು ಹೊಗೆಸೊಪ್ಪಿನ ಸೀಮೆ. ರಸ್ತೆಯ ಎರಡೂ ಬದಿಗೆ ಅದೇ ಬೆಳೆ. ಮನೆಗಳ ಪಕ್ಕದಲ್ಲಿ ಎತ್ತರದ ಗೋಡೆಯ, ಕಿಟಕಿಯಿಲ್ಲದ ಬ್ಯಾರನ್‌ಗಳು. ಕಡ್ಡಿಗಳಿಗೆ ಎಲೆ ಕಟ್ಟಿ ಅದರೊಳಗೆ ನೇತುಹಾಕಿ, ಹೊರಗಿನಿಂದ ಸೌದೆ ಉರಿ ಕೊಟ್ಟು ಬೇಯಿಸುತ್ತಾರೆ. ಪಿತೃಪಕ್ಷದ ಹೊತ್ತಿಗೆ ಕೊನೆಕೊನೆಯ ಬೇಯಿಸುವ ಕೆಲಸ ನಡೆದಿರುತ್ತದೆ. ಅರಕಲಗೂಡು ದಾಟುತ್ತಿದ್ದ ಹಾಗೆ ಕಾರಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಸಿಹಿಯಾದ, ಬೆಚ್ಚಗಿನ ವಾಸನೆ. ಸೇದದವರಿಗೆ ಅದು ಬರೀ ಎಲೆ. ನನಗೆ ಊರಿಗೆ ಊರೇ ಒಂದು ದೊಡ್ಡ ಸಿಗರೇಟು ಹಚ್ಚಿಕೊಂಡು ಕಾಯುತ್ತಿರುವ ಹಾಗೆ ಕಂಡಿತು. ಸುಧಾ ನನ್ನ ಮುಖ ನೋಡಿ ಕಿಟಕಿ ಗಾಜು ಏರಿಸಿದಳು.

ಊರಿನ ಮನೆಯಲ್ಲಿ ಅವ್ವ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಪಕ್ಕದ ಮನೆ ಚಿಕ್ಕಪ್ಪನದು. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಹೊಗೆಸೊಪ್ಪು ಬೆಳೆದು ಬೆಳೆದೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಆದರೆ ಇವತ್ತಿನವರೆಗೆ ಒಂದು ಬೀಡಿ ಕೂಡ ತುಟಿಗಿಟ್ಟವನಲ್ಲ. (ಕೇಳಿದರೆ "ನಾವ್ ಸೇದ್ಬುಟ್ರೆ ಮಾರದೇನ್ಲಾ?" ಅನ್ನುತ್ತಾನೆ. ಅವನ ಅಣ್ಣ ಇಬ್ಬರ ಪಾಲನ್ನೂ ಸೇದಿ ಹೋದ.)

ಸಂಜೆ ಎಡೆ ಹಾಕುವ ಕಾರ್ಯ. ಗೊತ್ತಿಲ್ಲದವರು ತಾಳ್ಮೆಯಿಂದ ಓದಿ ಅಂದಿದ್ದೆನಲ್ಲ, ಇದೇ ಅದು. ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಮನೆಯ ಹಿರಿಯರು ಊಟಕ್ಕೆ ಬರುತ್ತಾರೆ. ಫೋಟೋದ ಮುಂದೆ ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸುತ್ತೇವೆ. ಅಪ್ಪನಿಗೆ ಮುದ್ದೆ, ಕೋಳಿ ಸಾರು, ಕಜ್ಜಾಯ, ಸಣ್ಣ ಗ್ಲಾಸಿನಲ್ಲಿ ಬ್ರಾಂದಿ. ಎಲೆಯ ಬಲಗಡೆ ಒಂದು ತಟ್ಟೆ. ತಟ್ಟೆಯ ಮೇಲೆ ಹಚ್ಚಿದ ಸಿಗರೇಟು. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂರುತ್ತೇವೆ. ನಾವು ಎದುರಿಗೆ ನಿಂತು ನೋಡುತ್ತಿದ್ದರೆ ಹಿರಿಯರಿಗೆ ಉಣ್ಣಲು ಸಂಕೋಚವಲ್ಲವೆ?

ಸ್ವಲ್ಪ ಹೊತ್ತಾದ ಮೇಲೆ ದೊಡ್ಡ ಮಗ ಒಬ್ಬನೇ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಿ, ಎಲೆಯ ಸುತ್ತ ನೀರು ಬಿಟ್ಟು, ಆಮೇಲೆ ಮಿಕ್ಕವರನ್ನು ಕರೆಯಬೇಕು. ನಮ್ಮ ಮನೆಯ ಪದ್ಧತಿ ಅದು.

ಸಿಗರೇಟು ಕೊನೆಯವರೆಗೂ ಉರಿದು ಬೂದಿಯಾಗಿದ್ದರೆ ಅಪ್ಪ ತೃಪ್ತಿಯಾಗಿ ಸೇದಿ ಹೋಗಿದ್ದಾರೆ ಅಂತ ಅರ್ಥ. ಮಧ್ಯಕ್ಕೇ ಆರಿದ್ದರೆ ಮುನಿಸಿಕೊಂಡು ಎದ್ದು ಹೋಗಿದ್ದಾರೆ ಅಂತ. ಒಂದು ವರ್ಷ ಹಾಗೆ ಆರಿತ್ತು. ಆ ವರ್ಷ ನಮ್ಮ ಸೀಮೆ ಹಸು ಸತ್ತಿತು. ಅವ್ವ ಅವೆರಡನ್ನೂ ಗಂಟು ಹಾಕಿ ಇಟ್ಟುಕೊಂಡಿದ್ದಾಳೆ. ಅಂದಿನಿಂದ ಪ್ರತಿ ಪಕ್ಷಕ್ಕೂ ಒಳಗೆ ಬಂದವಳು ಮೊದಲು ನೋಡುವುದು ಮುದ್ದೆಯನ್ನಲ್ಲ, ಆ ತಟ್ಟೆಯನ್ನು.

ಈಗ ಅಸಲು ವಿಷಯ. ಸಿಗರೇಟನ್ನು ಬೆಂಕಿಕಡ್ಡಿ ಗೀರಿ ಸುಮ್ಮನೆ ಹಿಡಿದರೆ ಅದು ಸರಿಯಾಗಿ ಹತ್ತಿಕೊಳ್ಳುವುದಿಲ್ಲ. ತುಟಿಗಿಟ್ಟು ಎಳೆಯಬೇಕು. ಎಳೆಯಬೇಕಾದವನು ದೊಡ್ಡ ಮಗ. ಇಷ್ಟು ವರ್ಷ ಆ ಕೆಲಸವನ್ನು ನಾನು ಎಷ್ಟು ಶ್ರದ್ಧೆಯಿಂದ ಮಾಡಿದ್ದೇನೆ ಗೊತ್ತೆ? ಅವ್ವನ ಎದುರಿಗೆ, ಚಿಕ್ಕಪ್ಪನ ಎದುರಿಗೆ, ದೇವರ ಕೋಣೆಯ ಪಕ್ಕದಲ್ಲಿ ನಿಂತು, ಯಾರ ತಕರಾರೂ ಇಲ್ಲದೆ ಎರಡು ದಮ್ ಎಳೆಯುವ ಅವಕಾಶ ಇನ್ನೆಲ್ಲಿ ಸಿಗುತ್ತದೆ?

ಈ ಸಲ ಚಿಕ್ಕಪ್ಪ ಪ್ಯಾಕು ಬಿಚ್ಚಿ, ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟ. ಅವ್ವ ದೂರದಿಂದಲೇ ನೋಡಿ ರಾಗ ತೆಗೆದಳು.

"ಪಿಲ್ಟ್ರುದು ಯಾಕ್ ತಂದ್ಯಪ್ಪ? ನಿಮ್ಮಣ್ಣ ಇದ್ನ ಸೇದ್ತಿರ್ಲಿಲ್ಲ."

"ಅದು ಈಗ ಎಲ್ಲೂ ಸಿಗಾಕಿಲ್ಲ ಕಣತ್ತಿಗೆ. ಅರಕಲಗೂಡೆಲ್ಲ ಸುತ್ತಿವ್ನಿ. ಮಂಜ, ಅಚ್ಲಾ, ಒತ್ತಾಯ್ತದೆ."

"ನಾನು ಬಿಟ್ಟಿದ್ದೀನಿ ಚಿಕ್ಕಪ್ಪ" ಅಂದೆ.

"ನೀನ್ ಬುಟ್ರೆ ನಿಮ್ಮಪ್ಪ ಬುಟ್ನಾ? ಇದು ನಿಂಗಲ್ಲ ಕಣ್ಲಾ, ಅವ್ನಿಗೆ."

ನನಗೂ ಒಂದು ವಾದ ಹೊಳೆಯಿತು. ನಮ್ಮ ಕಡೆ ಮಗ ಅಪ್ಪನ ಮುಂದೆ ಸೇದುವುದಿಲ್ಲ. ಮಗ ಸೇದುತ್ತಾನೆ ಅಂತ ಅಪ್ಪನಿಗೆ ಗೊತ್ತಿರುತ್ತದೆ, ಗೊತ್ತಿದೆ ಅಂತ ಮಗನಿಗೂ ಗೊತ್ತಿರುತ್ತದೆ, ಆದರೂ ಅಪ್ಪ ಬಂದರೆ ಮಗ ಸಿಗರೇಟನ್ನು ಬೆನ್ನ ಹಿಂದೆ ಹಿಡಿಯಬೇಕು. ನಮ್ಮಿಬ್ಬರ ನಡುವೆ ಕಡೆಯವರೆಗೂ ಆ ಮರ್ಯಾದೆ ಇತ್ತು.

"ಅಪ್ಪ ಇದ್ದಾಗ ಅವರ ಮುಂದೆ ಒಂದು ದಿನ ಸೇದಿದವನಲ್ಲ ನಾನು. ಈಗ ಫೋಟೋ ಮುಂದೆ ತುಟಿಗಿಡ್ಲಾ?" ಅಂದೆ.

ಚಿಕ್ಕಪ್ಪ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಓದ್ ವರ್ಷ ಅಚ್ಚಿದ್ದು ಯಾರ್ಲಾ? ಅದರ್ ಇಂದಿನ್ ವರ್ಷ? ಆಗ ಈ ಮರ್ವಾದೆ ಎಲ್ಲೋಗಿತ್ತು?"

ಎದುರು ವಕೀಲ ಹಳೆಯ ರೆಕಾರ್ಡ್ ತೆಗೆದ ಮೇಲೆ ಇನ್ನೇನು ಹೇಳುವುದು? ಒಪ್ಪಿಕೊಂಡು ಸುಮ್ಮನಾದೆ. ಆದರೆ ತುಟಿಗಿಡಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಒಂದ್ ಕಿತ ಎಳ್ದು ಮಡಗ್ಬುಡು ಮಗ. ವರ್ಸಕ್ಕೊಂದಪ ಬತ್ತಾರೆ" ಅಂದಳು. ಚಿಕ್ಕಪ್ಪ ಹತ್ತು ಮಾತಾಡಿದರೂ ನಾನು ಜಗ್ಗುತ್ತಿರಲಿಲ್ಲ. ಅವ್ವನ ಈ ಒಂದು ಮಾತಿಗೆ ಕೈ ಅರ್ಧ ದಾರಿಗೆ ಬಂತು. ಒಂದೇ ಒಂದು ದಮ್. ಅದೂ ಹೆತ್ತ ತಾಯಿ ಕೇಳುತ್ತಿದ್ದಾಳೆ. ಹೆಂಡತಿಯ ಕಡೆ ನೋಡಿದೆ. ಸುಧಾ ಎಲೆ ತುದಿಯಲ್ಲಿದ್ದ ಉಪ್ಪನ್ನು ಸರಿಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಅವಳ ಬೆರಳು ಮಾತ್ರ ಆ ಉಪ್ಪನ್ನು ಬಿಟ್ಟು ಅಲ್ಲಾಡಲಿಲ್ಲ.

ಆಗಲೇ ನನಗೆ ಸಿಟ್ಟು ಬಂದದ್ದು. ಯಾರ ಮೇಲೆ ಅಂತ ಕೇಳಬೇಡಿ. ಅವ್ವನ ಮೇಲಲ್ಲ, ಚಿಕ್ಕಪ್ಪನ ಮೇಲೂ ಅಲ್ಲ. ಈ ಬೆರಳುದ್ದದ ಕಡ್ಡಿಯ ಮೇಲೆ. ಅಪ್ಪನನ್ನು ತಿಂದದ್ದು ಸಾಲದು ಅಂತ, ಈಗ ಅಪ್ಪನ ಎಡೆಯ ನೆಪ ಹಿಡಿದು ನನ್ನ ಬಾಯಿಗೆ ಬರುತ್ತಿದೆ. ಎಷ್ಟು ಧೈರ್ಯ ಇರಬೇಕು ಇದಕ್ಕೆ?

ಧೂಪದ ಕೆಂಡ ಪಕ್ಕದಲ್ಲೇ ಇತ್ತು. ಸಿಗರೇಟಿನ ತುದಿಯನ್ನು ಕೆಂಡಕ್ಕೆ ಒತ್ತಿ ಹಿಡಿದೆ. ಬಾಯಲ್ಲಿ ಎಳೆಯುವ ಬದಲು ಊದಿದೆ. ಬೂದಿ ಹಾರಿ ಕಣ್ಣಿಗೆ ಬಿತ್ತು. ಅಂತೂ ಒಂದು ಪಕ್ಕ ಕೆಂಪಗಾಯಿತು, ಸಣ್ಣಗೆ ಹೊಗೆ ಎದ್ದಿತು. ತಟ್ಟೆಯ ಮೇಲೆ ಇಟ್ಟೆ.

"ಸರ್ಯಾಗಿ ಒತ್ತಿಲ್ಲ ಕಣ್ಲಾ ಅದು. ಆರೋಯ್ತದೆ ನೋಡ್ತಿರು" ಅಂದ ಚಿಕ್ಕಪ್ಪ.

"ಆರಿದರೆ ಆರಲಿ" ಅಂದೆ.

ಅವ್ವನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಬಾಗಿಲು ಎಳೆದು ಎಲ್ಲರೂ ಜಗಲಿಗೆ ಬಂದು ಕೂತೆವು.

ಚಿಕ್ಕಪ್ಪನ ಬ್ಯಾರನ್ ಕಡೆಯಿಂದ ಆ ಸಿಹಿ ವಾಸನೆ ಬೀಸಿ ಬೀಸಿ ಬರುತ್ತಿತ್ತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವಳು ಯೋಚಿಸುತ್ತಿರುವುದು ಏನು ಅಂತ ನನಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಈಗ ಎರಡು ಹಸು ಇವೆ. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ವರ್ಷದವರೆಗೆ ಬರದ ಮನುಷ್ಯ ಇವತ್ತು ಮುನಿಸಿಕೊಂಡು ಹೋದರೆ ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಹೊತ್ತಾಯಿತು ಹೋಗಪ್ಪ ಅಂದ ಚಿಕ್ಕಪ್ಪ. ಎದ್ದೆ. ಬಾಗಿಲ ಬಳಿ ನಿಂತು ಪದ್ಧತಿಯ ಪ್ರಕಾರ ಕೆಮ್ಮಿದೆ. ಬಂದದ್ದು ನನ್ನದೇ ಒಂದು ಸಣ್ಣ ಕೆಮ್ಮು. ಹಿಂದೆ ಉದ್ದನೆಯದು ಬರಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಸಿಗರೇಟು ಆರಿತ್ತು. ಅರ್ಧ ಉರಿದಿತ್ತು, ಅರ್ಧ ಹಾಗೇ ಇತ್ತು.

ತೆವಲು ಎದ್ದು ನಿಂತಿತು. ನನ್ನ ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಅಂಥ ವಾದವನ್ನು ನಾನು ಕೇಳಿಲ್ಲ. ಬಾಗಿಲು ಮುಚ್ಚಿದೆ, ಯಾರೂ ನೋಡುತ್ತಿಲ್ಲ ಅಂದಿತು. ಉಳಿದಿರುವುದು ಅರ್ಧವೇ, ಹಚ್ಚಿ ಎಳೆದುಬಿಟ್ಟರೆ ಎರಡು ನಿಮಿಷದಲ್ಲಿ ಬೂದಿ ಅಂದಿತು. ನಿನಗೋಸ್ಕರ ಕೇಳುತ್ತಿಲ್ಲ, ಹೊರಗೆ ಕೂತಿರುವ ನಿಮ್ಮ ತಾಯಿಗೋಸ್ಕರ ಅಂದಿತು. ಆ ಮುದುಕಿಯ ಮುಖದಲ್ಲಿ ಒಂದು ನಗು ನೋಡುವುದಕ್ಕೆ ಇಷ್ಟೂ ಮಾಡಲಾರೆಯಾ ಅಂತ ಕೇಳಿತು. ಬೆಂಕಿಪೊಟ್ಟಣ ಕೂಡ ಅಲ್ಲೇ ದೀಪದ ಪಕ್ಕದಲ್ಲಿತ್ತು. ಕೈಗೆತ್ತಿಕೊಂಡೆ. ಹೌದು, ಎತ್ತಿಕೊಂಡೆ. ಸುಳ್ಳೇಕೆ ಹೇಳಲಿ? ಮೈಯೆಲ್ಲ ಆ ಒಂದು ದಮ್ಮಿಗೆ ಬಾಯಿ ಬಿಡುತ್ತಿತ್ತು.

ಆಗ ಒಂದು ಪ್ರಶ್ನೆ ಬಂತು. ಈ ತೆವಲಿಗೆ ನಮ್ಮವ್ವನ ಮೇಲೆ ಇಷ್ಟೊಂದು ಪ್ರೀತಿ ಯಾವಾಗಿನಿಂದ? ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗ ಅವಳು ಊಟ ಬಿಟ್ಟು ಕೂತಿದ್ದಳಲ್ಲ, ಆಗ ಎಲ್ಲಿ ಹೋಗಿತ್ತು ಈ ಕನಿಕರ? ಆಕ್ಸಿಜನ್ ಮಾಸ್ಕ್ ತೆಗೆದು ಅಪ್ಪ ಎರಡು ಬೆರಳು ತುಟಿಗಿಟ್ಟು ನನ್ನ ಕಡೆ ಸನ್ನೆ ಮಾಡಿದ್ದರು. ಅಷ್ಟು ವರ್ಷ ನಾವಿಬ್ಬರೂ ಕಾಪಾಡಿಕೊಂಡು ಬಂದಿದ್ದ ಮರ್ಯಾದೆಯನ್ನು ಬಿಟ್ಟು, ನನ್ನ ಜೇಬಿನಲ್ಲಿ ಇರುತ್ತದೆ ಅಂತ ಗೊತ್ತಿದ್ದು, ಮಗನ ಹತ್ತಿರ ಬೇಡಿದ್ದರು. ಅಂಥ ಗಟ್ಟಿ ಮನುಷ್ಯನನ್ನು ಅಷ್ಟು ಕೆಳಕ್ಕೆ ಇಳಿಸಿದ್ದು ಇದೇ ಅಲ್ಲವೆ? ಅದು ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆಂಕಿಪೊಟ್ಟಣವನ್ನು ಇದ್ದ ಜಾಗದಲ್ಲಿ ಇಟ್ಟೆ. ಫೋಟೋದ ಮುಂದೆ ನಿಂತು, "ಬೇಕಾದ್ರೆ ನೀವೇ ಹಚ್ಕೊಳ್ಳಿ ಅಪ್ಪ. ನಾನು ಹಚ್ಚಲ್ಲ" ಅಂದೆ. ಜೋರಾಗಿಯೇ ಅಂದೆ. ಅವತ್ತು ವಾಯಿದೆ ಹಾಕಲಿಲ್ಲ, ಅರ್ಜಿಯನ್ನೇ ವಜಾ ಮಾಡಿದೆ.

ಎಲೆಯ ಸುತ್ತ ನೀರು ಬಿಟ್ಟು ಬಾಗಿಲು ತೆಗೆದೆ. ಎಲ್ಲರೂ ಒಳಗೆ ಬಂದರು. ಅವ್ವನ ಕಣ್ಣು ಸೀದಾ ತಟ್ಟೆಗೆ ಹೋಯಿತು.

"ಆರಿ ಹೋಗಿದೆ ಅವ್ವ. ನಾನು ಮತ್ತೆ ಹಚ್ಚಲಿಲ್ಲ" ಅಂದೆ. ಅವಳು ಬೈಯಲಿ, ಅಳಲಿ, ಏನಾದರೂ ಆಗಲಿ ಅಂತ ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ.

"ನಾನ್ ಯೋಳ್ಲಿಲ್ವಾ? ಅಣ್ಣ ಮುನಿಸ್ಕಂಡು ಎದ್ದೋಗವ್ನೆ" ಅಂದ ಚಿಕ್ಕಪ್ಪ.

ಅವ್ವ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಆ ಅರ್ಧ ಸಿಗರೇಟನ್ನು ಎತ್ತಿಕೊಂಡು, ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಪ್ಪ ಬದುಕಿದ್ದಷ್ಟು ದಿನ ಅದನ್ನು ಅವರ ಕೈಯಿಂದ ಕಿತ್ತು ಎಸೆಯುತ್ತಿದ್ದವಳು ಅವಳೇ. ಕಿತ್ತಷ್ಟೂ ಅಪ್ಪ ಹೊಸದು ಹಚ್ಚುತ್ತಿದ್ದರು.

"ಮುನಿಸಲ್ಲ ಕಣಪ್ಪ" ಅಂದಳು ಕೊನೆಗೆ, ಚಿಕ್ಕಪ್ಪನ ಕಡೆ ನೋಡದೆ. "ಕ್ವಾಪ ಬಂದ್ರೆ ನಿಮ್ಮಣ್ಣ ಮುದ್ದೆ ಬುಟ್ಟು ಏಳೋರು. ಇದ್ನ ಯಾವತ್ತಾರ ಬುಟ್ಟವ್ರಾ? ಕ್ವಾಪ ಬಂದ್ರೆ ಒಂದ್ರ ಮ್ಯಾಲೊಂದು ಸೇದೋರು. ಮುನಿಸ್ಕಂಡಿದ್ರೆ ಪೂರ್ತಾ ಸೇದೋಗಿರೋರು."

ಅವ್ವ ಸಿಗರೇಟನ್ನು ತಟ್ಟೆಗೆ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬುಟ್ಟವ್ರೆ. ನಾನ್ ಬಾಯ್ ಬಡ್ಕಂಡಾಗ ಬುಡ್ಲಿಲ್ಲ. ಈಗ ಮಗ ಬುಟ್ಟಿದ್ ನೋಡಿ ಬುಟ್ಟವ್ರೆ."

ಸುಧಾ ನನ್ನ ಪಕ್ಕಕ್ಕೆ ಬಂದು ನಿಂತಳು, ತೋಳಿಗೆ ತೋಳು ತಾಗುವಷ್ಟು ಹತ್ತಿರ. ಮದುವೆಯಾದ ಮೇಲೆ ನಮ್ಮೂರಿನಲ್ಲಿ ಎಲ್ಲರೆದುರಿಗೆ ಅವಳು ಹಾಗೆ ನಿಂತದ್ದು ನನಗೆ ನೆನಪಿಲ್ಲ.

"ಬರೋ ವರ್ಸ ಇದು ಬ್ಯಾಡ" ಅಂದಳು ಅವ್ವ, ಎಲೆಯಿಂದ ಕಜ್ಜಾಯ ಎತ್ತಿ ಎಲ್ಲರಿಗೂ ಹಂಚುತ್ತ. "ಕಳ್ಳೇಕಾಯ್ ಉರ್ದು ಮಡುಗ್ರಿ. ಬಾಯಿಗೊಂದೀಟು ಕೆಲ್ಸ ಇರ್ಲಿ ಅವರ್ಗೂ."

ಮಿಕ್ಕ ಪ್ಯಾಕನ್ನು ಏನು ಮಾಡುವುದು ಅಂತ ಚಿಕ್ಕಪ್ಪ ಕೇಳಿದ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಸೌದೆ ಒಲೆಗೆ ಹಾಕಿದಳು. ಕಾಸು ಕೊಟ್ಟು ತಂದಿದ್ದು ಕಣತ್ತಿಗೆ ಅಂತ ಅವನು ಗೊಣಗಿದ. ಪ್ಯಾಕಿಗೆ ಪ್ಯಾಕೇ ಒಟ್ಟಿಗೆ ಉರಿದು ಮನೆ ತುಂಬ ಹೊಗೆ ತುಂಬಿಕೊಂಡಿತು. ನನ್ನ ತೆವಲು ವಜಾ ಆದದ್ದನ್ನು ಮರೆತು ಮತ್ತೆ ಎದ್ದು ಕೂತಿತು. (ಅದು ಮೇಲ್ಮನವಿ ಹಾಕದೆ ಬಿಡುವ ಜಾತಿಯದಲ್ಲ.) ಹೊರಗೆ ಹೋಗಿ ಹಸುಗಳ ಮೈ ಸವರುತ್ತ ನಿಂತೆ. ಅವೆರಡೂ ಇವತ್ತಿನವರೆಗೆ ಗುಂಡುಕಲ್ಲಿನ ಹಾಗೆ ಇವೆ, ನಿನ್ನೆಯಷ್ಟೇ ತಮ್ಮನಿಗೆ ಫೋನ್ ಮಾಡಿ ವಿಚಾರಿಸಿಕೊಂಡಿದ್ದೇನೆ.

ಹಾಸನಕ್ಕೆ ವಾಪಸ್ ಬಂದ ಮೇಲೆ ಕೋರ್ಟಿನ ಎದುರಿನ ಟೀ ಅಂಗಡಿಗೆ ಹೋದೆ. ಟೀ ಬಿಟ್ಟಿಲ್ಲ ನಾನು. ಗೆಳೆಯರು ಎಂದಿನಂತೆ ಸಾಲಾಗಿ ಹಚ್ಚಿಕೊಂಡು ನಿಂತಿದ್ದರು. ಬಾರಯ್ಯ, ಒಂದೇ ಒಂದು ಅಂದರು. ಅಷ್ಟು ವರ್ಷದ ಚಟ, ನಮ್ಮ ಕೈಲಿ ಬಿಡುವುದಕ್ಕಾಗುತ್ತಾ ಅಂದರು. ಈ ವಯಸ್ಸಿನಲ್ಲಿ ಬಿಟ್ಟು ಏನು ಸಾಧಿಸಬೇಕು, ಸಾಯುವಾಗ ನೋಡಿಕೊಂಡರಾಯಿತು ಅಂತ ಒಬ್ಬ ಹೊಗೆ ಬಿಟ್ಟ.

ಅಲ್ರೀ, ಸತ್ತು ಅಷ್ಟು ವರ್ಷವಾದ ಮೇಲೆ ನಮ್ಮಪ್ಪನೇ ಬಿಟ್ಟರು. ಇನ್ನೂ ಉಸಿರಾಡುತ್ತಿರುವ ನಿಮಗೇನು ಧಾಡಿ?